ಹಾಸಿಗೆಯ ಸುಕ್ಕುಗಳು

ಮೇ ೪, ಸೋಮವಾರ

ಚಿಕ್ಕ ಯಜಮಾನರು ಇವತ್ತು ನನ್ನ ಕೋಣೆಗೇ ಬಂದರು. ಅವರು ಕುರ್ಚಿ ಎಳೆದುಕೊಂಡು ಕೂರುವವರಲ್ಲ. ಮೇಜಿನ ಮೂಲೆಗೆ ಒರಗಿ ನಿಂತು, ನನ್ನದೇ ಒಂದು ಪೆನ್ಸಿಲ್ಲನ್ನು ಬೆರಳಲ್ಲಿ ತಿರುಗಿಸುತ್ತ ಮಾತಾಡುತ್ತಾರೆ. ಸುದ್ದಿ ಕೆಟ್ಟದಾದಷ್ಟೂ ಪೆನ್ಸಿಲ್ ಜೋರಾಗಿ ತಿರುಗುತ್ತದೆ. ಇವತ್ತು ಬುಗುರಿ ತಿರುಗಿದ ಹಾಗೆ ತಿರುಗಿತು.

"ಹೂವಕ್ಕಾ, ಈ ಸಲಾನೂ ಹೂವೇನಾ?"

ಹೂವಕ್ಕ ಅನ್ನುವುದು ಕಾರ್ಖಾನೆಯವರು ನನಗೆ ಇಟ್ಟ ಹೆಸರು. ಇಪ್ಪತ್ತಾರು ವರ್ಷದಿಂದ ಇಲ್ಲಿ ಬೆಡ್‌ಶೀಟುಗಳಿಗೆ ಡಿಸೈನ್ ಬರೆಯುತ್ತಿದ್ದೇನೆ. ದೊಡ್ಡ ಹೂವು, ಸಣ್ಣ ಹೂವು, ಬಳ್ಳಿಯಲ್ಲಿರುವ ಹೂವು, ಬಳ್ಳಿಯಿಂದ ಉದುರಿದ ಹೂವು. ಊರಿನ ಅರ್ಧ ಜನ ನನ್ನ ಹೂವಿನ ಮೇಲೆ ಮಲಗಿ ಗೊರಕೆ ಹೊಡೆದಿದ್ದಾರೆ. ಈಗ ಯಾರಿಗೂ ಹೂವು ಬೇಡವಂತೆ. ಅಂಗಡಿಯವರು ಮಾಲು ವಾಪಸ್ ಕಳಿಸುತ್ತಿದ್ದಾರಂತೆ.

ತಿಂಗಳ ಕೊನೆಯೊಳಗೆ ಹೊಸದೇನಾದರೂ ಕೊಡಬೇಕು. ಕೊಡದಿದ್ದರೆ ಡಿಸೈನುಗಳನ್ನು ಹೊರಗಿನಿಂದ ಕೊಳ್ಳುತ್ತಾರೆ, ನಾನು ಮೇಜು ಬಿಟ್ಟು ಕೆಳಗಿನ ಚೆಕಿಂಗ್ ವಿಭಾಗಕ್ಕೆ ಹೋಗಬೇಕು. ಅಂದರೆ ಬೇರೆಯವರು ಬರೆದದ್ದು ಅಚ್ಚಾಗಿ ಬಂದಾಗ ಅದರಲ್ಲಿ ತಪ್ಪು ಹುಡುಕುತ್ತ ನಿಲ್ಲುವ ಕೆಲಸ.

"ಡಿಸೈನ್ ಕಾಲೇಜುಗಳಲ್ಲಿ ಕೊನೇ ವರ್ಷದ ಮಕ್ಕಳ ಪ್ರದರ್ಶನ ಶುರುವಾಗಿದೆ. ಹೋಗಿ ನೋಡ್ಕೊಂಡು ಬನ್ನಿ. ಸ್ಫೂರ್ತಿ ಸಿಗುತ್ತೆ," ಅಂದರು.

ಸ್ಫೂರ್ತಿಯಂತೆ ಸ್ಫೂರ್ತಿ! ನಾನು ಈ ಮೇಜಿಗೆ ಬಂದಾಗ ಆ ಮಕ್ಕಳು ಹುಟ್ಟಿರಲಿಲ್ಲ. ಅಜ್ಜಿಗೆ ಮೊಮ್ಮಗಳು ಕೆಮ್ಮು ಕಲಿಸಿದ ಹಾಗಾಯಿತು. ಮನೆಗೆ ಬಂದು ಎಗರಾಡಿದೆ. ಇವರು ತಟ್ಟೆಯಿಂದ ತಲೆ ಎತ್ತದೆ, "ಹೋಗಿ ನೋಡ್ಕೊಂಡು ಬಾರೇ, ನೋಡಿದ್ರೆ ನಿನ್ನ ಗಂಟೇನು ಹೋಗುತ್ತೆ?" ಅಂದರು. ಬೀಗದ ಕೈ ಮಾಡುವವರಿಗೇನು, ಬೆಳಿಗ್ಗೆ ಅಂಗಡಿ ತೆಗೆದರೆ ಯಾರೋ ಒಬ್ಬರು ಕೈ ಕಳೆದುಕೊಂಡು ಬಂದೇ ಬರುತ್ತಾರೆ. ನನ್ನ ಕಷ್ಟ ಇವರಿಗೆ ಹೇಗೆ ಗೊತ್ತಾಗಬೇಕು.

ಮೇ ೭, ಗುರುವಾರ

ಹೋದೆ. ಬಸ್ಸು ಎರಡು ಸಲ ಬದಲಿಸಿ ಹೋದೆ. ಹಳೇ ಕಟ್ಟಡ, ಎತ್ತರದ ಕಿಟಕಿಗಳು, ಎಲ್ಲೆಲ್ಲೂ ಹೊಸ ಬಣ್ಣದ ವಾಸನೆ. ಮಕ್ಕಳು ತಮ್ಮ ತಮ್ಮ ಕೆಲಸದ ಪಕ್ಕದಲ್ಲಿ, ವೈವಾ ಪರೀಕ್ಷೆಗೆ ಕರೆಯುವುದನ್ನು ಕಾಯುವವರ ಹಾಗೆ ನಿಂತಿದ್ದರು. ಯಾರಾದರೂ ಹತ್ತಿರ ಬಂದರೆ ಸಾಕು, ಮಾತು ಶುರು.

ಒಬ್ಬಳು ಕುರ್ಚಿ ಮಾಡಿದ್ದಳು. ಅದರ ಒಂದು ಕೈ ಉದ್ದ, ಒಂದು ಕೈ ಗಿಡ್ಡ. "ಅಳತೆ ತಪ್ಪಿದೆಯಲ್ಲಮ್ಮ," ಅಂದೆ. ಅವಳು ನಕ್ಕು, "ಕೂತು ನೋಡಿ ಮೇಡಂ," ಅಂದಳು. ಅವಳ ತಾತನಿಗೆ ಪಾರ್ಶ್ವವಾಯು ಬಡಿದು ಒಂದು ಮಗ್ಗುಲು ಬಿದ್ದಿದೆಯಂತೆ. ಏಳುವಾಗ ಆಸರೆಗೆ ಸಿಗಲಿ ಅಂತ ಒಂದು ಕೈ ಮುಂದಕ್ಕೆ ಬಂದಿದೆ. ನಾನು ಕೂತು ಎದ್ದೆ. ಎದ್ದದ್ದು ನನಗೇ ಗೊತ್ತಾಗಲಿಲ್ಲ, ಮಂಡಿ ಸದ್ದೇ ಮಾಡಲಿಲ್ಲ. ಭಲೇ ಅನ್ನಿಸಿತು.

ಆದರೂ ಕುರ್ಚಿಯ ಸುತ್ತ ಒಂದು ಸುತ್ತು ಬಂದೆ. ಹಿಂಗಾಲಿನಲ್ಲಿ ಪಾಲಿಶ್ ಒಂದು ಕಡೆ ದಪ್ಪಗಾಗಿತ್ತು, ತೋರಿಸಿದೆ. ಪಾಪ, ಹುಡುಗಿಯ ಮುಖ ಇಳಿದುಹೋಯಿತು. ಏನು ಮಾಡಲಿ, ತಪ್ಪು ಕಂಡರೆ ನನ್ನ ಬಾಯಿ ಸುಮ್ಮನಿರುವುದಿಲ್ಲ.

ಬೆಡ್‌ಶೀಟಿಗೆ ಉಪಯೋಗವಾಗುವಂಥದ್ದು ಏನೂ ಸಿಗಲಿಲ್ಲ.

ಮೇ ೮, ಶುಕ್ರವಾರ

ಬರೆದೆ. ಹೂವೇ ಬಂತು. ಹರಿದುಹಾಕಿದೆ.

ಮೇ ೧೦, ಭಾನುವಾರ

ಎರಡನೇ ಕಾಲೇಜಿಗೆ ಹೋಗಿ ಬಂದೆವು. ಅಂಗಡಿಗೆ ರಜೆಯಾದ್ದರಿಂದ ಇವರೂ ಬಂದಿದ್ದರು. ಅತ್ತೆಗೂ ಬರುವ ಆಸೆಯಿತ್ತು, ಆದರೆ "ಅಲ್ಲಿ ಕೂರೋಕೆ ಜಾಗ ಇರುತ್ತಾ, ಇಲ್ಲಾ ಎಲ್ಲಾ ನೋಡೋಕೆ ಮಾತ್ರಾನಾ?" ಅಂತ ಕೇಳಿ, ನನ್ನ ಉತ್ತರ ಸರಿಹೋಗದೆ ಮನೆಯಲ್ಲೇ ಉಳಿದರು.

ಕೈ ನಡುಗುವವರಿಗೆಂದು ಒಬ್ಬಳು ಲೋಟಗಳನ್ನು ಮಾಡಿದ್ದಳು. ತಳ ಭಾರ, ಬಾಯಿ ಒಳಕ್ಕೆ ಬಾಗಿದೆ, ಎಷ್ಟು ಅಲ್ಲಾಡಿಸಿದರೂ ಚೆಲ್ಲುವುದಿಲ್ಲ. ಇನ್ನೊಬ್ಬ, ಒಂದೇ ಕಿಟಕಿಯಿಂದ ದಿನಾ ಬೆಳಿಗ್ಗೆ ಕಂಡ ಆಕಾಶದ ಬಣ್ಣವನ್ನು ಒಂದೊಂದು ಸಣ್ಣ ಕಾಗದಕ್ಕೆ ಬಳಿದು, ಇಡೀ ವರ್ಷವನ್ನು ಗೋಡೆಗೆ ಅಂಟಿಸಿದ್ದ. ಮೋಡದ ಬೂದಿಬಣ್ಣದಲ್ಲಿ ಅಷ್ಟು ಬಗೆಯಿದೆಯೆಂದು ನನಗೆ ಗೊತ್ತಿರಲಿಲ್ಲ. ಬಣ್ಣದಲ್ಲೇ ಬದುಕಿದವಳು ನಾನು! ಮೊದಲು ಹೊಟ್ಟೆಕಿಚ್ಚಾಯಿತು. ಆಮೇಲೆ ಹೊಟ್ಟೆಕಿಚ್ಚನ್ನೂ ಮರೆತು ನೋಡುತ್ತ ನಿಂತುಬಿಟ್ಟೆ. ಇವರು ಬಂದು ಭುಜ ತಟ್ಟಿ, "ಕಡೇ ಬಸ್ಸಿಗಾದ್ರೂ ಹೋಗೋಣವಾ?" ಅನ್ನಬೇಕಾಯಿತು.

ಕೆಲಸದ ಮಟ್ಟಿಗೆ ನೋಡಿದರೆ ಈ ದಿನವೂ ದಂಡ.

ಮೇ ೧೩, ಬುಧವಾರ

ಹೇಗೆ ಬರೆಯಲಿ?

ಮೂರನೇ ಕಾಲೇಜು. ಬಟ್ಟೆ ವಿಭಾಗ ಹಿಂದಿನ ದೊಡ್ಡ ಹಜಾರದಲ್ಲಿತ್ತು. ಮೇಲಿನ ಸರಳಿನಿಂದ ನೆಲದವರೆಗೆ ಬೆಡ್‌ಶೀಟುಗಳು ಇಳಿಬಿದ್ದಿದ್ದವು. ದೂರದಿಂದ ನೋಡಿ, ಅಯ್ಯೋ, ಇಸ್ತ್ರಿ ಮಾಡದೆ ತೂಗುಹಾಕಿದ್ದಾರಲ್ಲ ಅಂದುಕೊಂಡೆ. ಹತ್ತಿರ ಹೋದರೆ ಬಟ್ಟೆ ನುಣ್ಣಗಿದೆ. ಸುಕ್ಕೆಲ್ಲ ಅಚ್ಚು! ಜನ ಮಲಗಿ ಎದ್ದುಹೋದ ಮೇಲೆ ಹಾಸಿಗೆಯಲ್ಲಿ ಉಳಿಯುತ್ತದಲ್ಲ, ಆ ಸುಕ್ಕನ್ನೇ ಬರೆದು ಬಟ್ಟೆಯ ಮೇಲೆ ಅಚ್ಚು ಹಾಕಿದ್ದಾರೆ.

ಮಾಡಿದವಳು ಕೂದಲನ್ನು ಜುಟ್ಟು ಕಟ್ಟಿ ಅದರೊಳಗೆ ಪೆನ್ಸಿಲ್ ಸಿಕ್ಕಿಸಿಕೊಂಡ ಹುಡುಗಿ. ತನ್ನ ಬೀದಿಯ ಮನೆಮನೆಗೆ ಬೆಳಿಗ್ಗೆ ಹೋಗಿ, ಯಾರೂ ಹಾಸಿಗೆ ಕೊಡವುವ ಮೊದಲೇ ನೋಡಿ ಬರೆದುಕೊಂಡಳಂತೆ. ರಾತ್ರಿ ಪಾಳಿಯ ನರ್ಸಿನದು, ಹೊಸದಾಗಿ ಮದುವೆಯಾದವರದು ("ಅವರು ಬಾಗಿಲು ತೆಗೆಯೋಕೇ ಒಪ್ಪಲಿಲ್ಲ ಮೇಡಂ, ಒಂದು ವಾರ ಕಾಡಿದೆ"), ತೊಟ್ಟಿಲ ಮಗುವಿನದು. ಎಲ್ಲಕ್ಕಿಂತ ದೊಡ್ಡದು ಅವಳ ಅಪ್ಪನದು. ಅಪ್ಪ ಟ್ಯಾಕ್ಸಿ ಓಡಿಸುತ್ತಾರೆ. ಫೋನ್ ಬಂದರೆ ತಕ್ಷಣ ಏಳಬೇಕೆಂದು ಯಾವಾಗಲೂ ಮಂಚದ ಅಂಚಿನಲ್ಲೇ ಮಲಗುತ್ತಾರೆ. ಎಳೆದ ಒಂದು ಉದ್ದ ಸುಕ್ಕು ಬಿಟ್ಟರೆ ಹಾಸಿಗೆಯ ಮುಕ್ಕಾಲು ಭಾಗ ಸಾಪು, ಮಿಕ್ಕ ಸುಕ್ಕೆಲ್ಲ ಒಂದು ಅಂಚಿಗೆ ಬಂದು ಗುಂಪುಗೂಡಿದೆ.

ನಾನು ಅದರ ಮುಂದೆ ನಿಂತೆ. ಕಣ್ಣಲ್ಲಿ ನೀರು ಬಂತು, ಸುಳ್ಳು ಯಾಕೆ ಹೇಳಲಿ. ಆ ಮನುಷ್ಯನ ಮುಖ ನೋಡಿಲ್ಲ, ಆದರೆ ಅವನ ದಣಿವು ಕಂಡಿತು. ಇಷ್ಟು ವರ್ಷ ಜನ ಮಲಗುವ ಬಟ್ಟೆಗೆ ಡಿಸೈನ್ ಬರೆದವಳು, ಜನ ಎದ್ದ ಮೇಲೆ ಆ ಬಟ್ಟೆ ಹೇಗಿರುತ್ತದೆಂದು ಒಂದು ದಿನವೂ ನೋಡಿರಲಿಲ್ಲವಲ್ಲ!

ಹುಡುಗಿ ನನಗೆ ಒಂದು ಸ್ಟೂಲು ತಂದು ಕೊಟ್ಟಳು, ಟೀ ತಂದು ಕೊಟ್ಟಳು. ಕೇಳಿದ್ದಕ್ಕೆಲ್ಲ ಬಿಡಿಸಿ ಬಿಡಿಸಿ ಹೇಳಿದಳು. ಒಂದು ಹಾಸಿಗೆಯನ್ನು ಒಂದು ಚೌಕದಲ್ಲಿ ಬರೆದು ಅದನ್ನೇ ಅಕ್ಕಪಕ್ಕ, ಮೇಲೆ ಕೆಳಗೆ ಜೋಡಿಸುತ್ತ ಹೋದರೆ ಇಡೀ ಬಟ್ಟೆಯಾಗುತ್ತದೆ. ನಮ್ಮ ಕಸುಬಿನ ಅ ಆ ಇ ಈ ಅದು. ಅದನ್ನೂ ಹೇಳಿದಳು, ನಾನು ಮೊದಲ ಸಲ ಕೇಳುವವಳ ಹಾಗೆ ಕೇಳಿದೆ.

ಮೇ ೧೪, ಗುರುವಾರ

ಬೆಳಿಗ್ಗೆ ಎದ್ದವಳೇ ಮನೆಯ ಹಾಸಿಗೆಗಳನ್ನೆಲ್ಲ ನೋಡಿದೆ. ಇವರದು ಕುಸ್ತಿ ಅಖಾಡ. ನನ್ನದು ಒಂದೇ ಮಗ್ಗುಲಿನ ಗುಂಡಿ. ಅತ್ತೆಯದರಲ್ಲಿ ಯಾರೂ ಮಲಗೇ ಇಲ್ಲವೇನೋ ಅನ್ನುವ ಹಾಗೆ ಒಂದು ಗೆರೆಯಿಲ್ಲ. ಬಗ್ಗಿ ನೋಡುತ್ತಿರುವಾಗ ಅತ್ತೆ ಬಂದರು.

"ಏನೇ ಅದು, ಬೆಳಿಗ್ಗೆ ಬೆಳಿಗ್ಗೆ ನನ್ನ ಹಾಸಿಗೆ ನೋಡ್ತಾ ನಿಂತಿದ್ದೀಯ? ನಾನಿನ್ನೂ ಇದ್ದೀನಿ ಕಣೇ!"

ಕಾರ್ಖಾನೆಗೆ ಹೋಗಿ ಕಾಗದ ಹರಡಿದೆ. ಬಂತು! ತಾನಾಗಿ ಬಂತು. ಊಟಕ್ಕೂ ಏಳಲಿಲ್ಲ.

ಇದು ಆ ಹುಡುಗಿಯ ಯೋಚನೆಯಲ್ಲವೇ ಎಂದು ಒಂದು ಸಲ ಅನ್ನಿಸಿತು. ಆದರೆ ಬರೆದಿರುವುದು ನಮ್ಮ ಮನೆಯ ಹಾಸಿಗೆ, ನನ್ನ ಗಂಡನ ಒದೆತ. ಸುಕ್ಕನ್ನು ನೋಡಬೇಡ ಎಂದು ಯಾರೂ ಬೋರ್ಡು ಹಾಕಿಲ್ಲ.

ಮೇ ೧೬, ಶನಿವಾರ

ಮೂರು ಡಿಸೈನ್ ಮುಗಿಯಿತು. ಕೈ ನೋಯುತ್ತಿದೆ. ನೋಯಲಿ.

ಮೇ ೨೦, ಬುಧವಾರ

ಒಪ್ಪಿದರು! ಚಿಕ್ಕ ಯಜಮಾನರು ಕುರ್ಚಿ ಎಳೆದುಕೊಂಡು ಕೂತರು, ಪೆನ್ಸಿಲ್ ಮುಟ್ಟಲೇ ಇಲ್ಲ. "ಹೂವಕ್ಕಾ, ಇದನ್ನೆಲ್ಲಾ ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ?" ಅಂದರು. ಇವರ ಹಾಸಿಗೆಯ ಡಿಸೈನೇ ಮೊದಲು ಅಚ್ಚಾಗಬೇಕಂತೆ. ಮೇಜು ಉಳಿಯಿತು. ಮನೆಗೆ ಹಾರಿಕೊಂಡು ಬಂದೆ. ಇವರಿಗೆ ಹೇಳಿದರೆ, "ಹಾಗಾದ್ರೆ ಇನ್ಮೇಲೆ ಒದ್ದಾಡ್ಕೊಂಡು ಮಲಗೋದೇ ನನ್ನ ಕೆಲಸ ಅನ್ನು," ಅಂದರು.

ಮೇ ೨೨, ಶುಕ್ರವಾರ

ಸ್ಯಾಂಪಲ್ ಬಂತು. ಉದ್ದದ ಮೇಜಿನ ಮೇಲೆ ಹರಡಿದೆ. ನಾಲ್ಕು ಹೆಜ್ಜೆ ಹಿಂದೆ ಹೋಗಿ, ಕಣ್ಣು ಕಿರಿದು ಮಾಡಿ ನೋಡಿದೆ. ಯಾವಾಗಲೂ ಹಾಗೇ ನೋಡುತ್ತೇನೆ.

ಇನ್ನೂ ಎರಡು ಹೆಜ್ಜೆ ಹಿಂದೆ ಸರಿದು ಮತ್ತೆ ನೋಡಿದೆ.

ಬಟ್ಟೆಯ ಮೇಲೆ ಒಂದು ಓರೆ ದಾರಿ ಬಿದ್ದಿದೆ. ಒಂದು ಚೌಕದ ದೊಡ್ಡ ಸುಕ್ಕು ಕೆಳಗಿನ ಬಲ ಮೂಲೆಯಲ್ಲಿ ಮುಗಿಯುತ್ತದೆ, ಅದರ ಓರೆಗಿರುವ ಚೌಕದಲ್ಲಿ ಅದೇ ಸುಕ್ಕು ಮೇಲಿನ ಎಡ ಮೂಲೆಯಲ್ಲಿ ಶುರುವಾಗುತ್ತದೆ. ಒಂದಕ್ಕೊಂದು ಕೈಹಿಡಿದು ಈ ತುದಿಯಿಂದ ಆ ತುದಿಗೆ ಒಂದೇ ಗೀಟು. ಹಾಸಿದರೆ ಮಂಚವೇ ವಾಲಿದ ಹಾಗೆ ಕಾಣುತ್ತದೆ. ಕಸುಬಿಗೆ ಹೊಸಬರು ಮಾಡುವ ತಪ್ಪು ಇದು. ನಾನು ಸೇರಿದ ವರ್ಷವೂ ಮಾಡಿರಲಿಲ್ಲ. ನಿದ್ದೆಗಣ್ಣಲ್ಲಿ ಬರೆದರೂ ನನ್ನ ಕೈ ಮೂಲೆಯ ಹತ್ತಿರ ತಾನೇ ತಿರುಗುತ್ತದೆ.

ಈ ತಪ್ಪು ನನ್ನದಲ್ಲ. ಹಾಗಾದರೆ ಯಾರದು?

ಮೇ ೨೩, ಶನಿವಾರ

ಪ್ರದರ್ಶನದ ಕೊನೆಯ ದಿನ. ಬೆಳಿಗ್ಗೆಯೇ ಹೋದೆ. "ಮೇಡಂ, ಮತ್ತೆ ಬಂದ್ರಾ!" ಎಂದು ಪೆನ್ಸಿಲ್ ಜುಟ್ಟಿನ ಹುಡುಗಿ ಓಡಿ ಬಂದಳು.

ಅವಳ ಅಪ್ಪನ ಬೆಡ್‌ಶೀಟಿನಿಂದ ನಾಲ್ಕು ಹೆಜ್ಜೆ ಹಿಂದೆ ನಿಂತೆ. ಇತ್ತು. ಎಡದಿಂದ ಬಲಕ್ಕೆ ಅದೇ ಓರೆ, ಅದೇ ಬಾಗು. ಅವತ್ತು ಅಷ್ಟು ಹೊತ್ತು ಇದರ ಮುಂದೆ ಕೂತಿದ್ದೆ, ಕಂಡಿರಲಿಲ್ಲ. ಕುರ್ಚಿಯ ಹಿಂಗಾಲಿನ ಪಾಲಿಶ್ ಕಂಡ ಕಣ್ಣಿಗೆ ಇದು ಕಂಡಿರಲಿಲ್ಲ! ಅಷ್ಟು ಮೆಚ್ಚಿದ್ದೆ. ಮೆಚ್ಚಿದ್ದು ಇಡಿಯಾಗಿ ಒಳಗೆ ಇಳಿಯಿತು, ತಪ್ಪು ಸಮೇತ. ನನ್ನ ಗಂಡನ ಹಾಸಿಗೆ ಅಂದುಕೊಂಡು ಅವಳ ಅಪ್ಪನ ಹಾಸಿಗೆಯನ್ನೇ ಬರೆದಿದ್ದೇನೆ.

ಅವಳಿಗೆ ಹೇಳಲು ಬಾಯಿ ಬರಲಿಲ್ಲ. ಟೀ ಬೇಡವೆಂದು ಬಂದುಬಿಟ್ಟೆ.

ಸೀದಾ ಇವರ ಅಂಗಡಿಗೆ ಹೋಗಿ ಎಲ್ಲ ಹೇಳಿದೆ. ಇವರು ಯಾರದೋ ಬೀಗದ ಕೈ ಉಜ್ಜುತ್ತಲೇ ಕೇಳಿಸಿಕೊಂಡರು.

"ಕೈಯಿಂದ ಕೈ ನಕಲು ಮಾಡ್ತೀವಲ್ಲ, ಮೂಲದ್ದು ಸವೆದಿದ್ರೆ ನಕಲೂ ಸವೆದ ಹಾಗೇ ಬರುತ್ತೆ. ನಾವು ಬೇಕು ಅಂತ ಮಾಡಲ್ಲ, ಅದೇ ಬರುತ್ತೆ."

"ಹಾಗಾದ್ರೆ ನಂದೇನೂ ತಪ್ಪಿಲ್ಲ ಅಂತೀರಾ?"

"ಬಂದಿದ್ದು ತಪ್ಪಲ್ಲ. ಆದ್ರೆ ನಕಲು ಕೈಯಲ್ಲಿ ಬೀಗ ತೆಗೆದ ಮಾತ್ರಕ್ಕೆ ಮನೆ ನಮ್ಮದಾಗಲ್ಲ ಕಣೇ." ಆಮೇಲೆ, "ಚೆಕಿಂಗ್‌ನಲ್ಲಿ ಕೂರೋಕೆ ಕೊಡ್ತಾರಾ, ನಿಂತೇ ಇರಬೇಕಾ?" ಅಂತ ಕೇಳಿದರು. ಆ ಪ್ರಶ್ನೆಗೆ ನನಗೆ ಅಳು ಬಂತು.

ಮೇ ೨೫, ಸೋಮವಾರ

ಹೇಳಿದೆ. ಚಿಕ್ಕ ಯಜಮಾನರಿಗೆ ಮೊದಲು ಅರ್ಥವೇ ಆಗಲಿಲ್ಲ.

"ಸುಕ್ಕು ಎಲ್ಲರ ಮನೆ ಹಾಸಿಗೇಲೂ ಇರುತ್ತಲ್ಲ ಹೂವಕ್ಕಾ. ಅದನ್ನ ಯಾರು ಬಂದು ನಂದು ಅಂತಾರೆ?"

"ಸುಕ್ಕು ಎಲ್ಲರ ಮನೇಲೂ ಇದೆ ಸಾರ್. ಈ ಓರೆ ಅವಳ ಬಟ್ಟೇಲಿ ಮಾತ್ರ ಇದೆ."

"ತಿದ್ದಿಬಿಡಿ. ಮುಗೀತಲ್ಲ?"

"ತಿದ್ದಿದ್ರೆ ಗುರುತು ಹೋಗುತ್ತೆ, ಕದ್ದಿದ್ದು ಹೋಗಲ್ಲ."

ಪೆನ್ಸಿಲ್ ತಿರುಗತೊಡಗಿತು. ಅವರು ಕೆಟ್ಟವರಲ್ಲ, ಅವರಿಗೂ ಅಂಗಡಿಯವರ ಕಾಟ. "ಹಾಗಾದ್ರೆ ಇದನ್ನ ಬಿಟ್ಟು ಬೇರೆ ಏನಿದೆ ನಿಮ್ಮ ಹತ್ರ?" ಎಂದು ಕೇಳಿದರು.

ಏನೂ ಇಲ್ಲ ಅಂದೆ. ಆ ಹುಡುಗಿಯಿಂದಲೇ ಕೊಳ್ಳಿ, ಬಟ್ಟೆಯ ಅಂಚಿನಲ್ಲಿ ಅವಳ ಹೆಸರು ಹಾಕಿ ಅಂದೆ. ಅವರು ಪೆನ್ಸಿಲ್ಲನ್ನು ಮೇಜಿನ ಮೇಲಿಟ್ಟು, "ನಿಮ್ಮನ್ನ ಕೆಳಗೆ ಕಳಿಸಬೇಕಾಗುತ್ತೆ. ನಮ್ಮಪ್ಪನಿಗೆ ನಾನು ಹಾಗಂತ ಮಾತು ಕೊಟ್ಟಿದ್ದೀನಿ," ಅಂದರು. ಗೊತ್ತು ಅಂದೆ.

ಮೇ ೨೭, ಬುಧವಾರ

ಕಾಲೇಜಿನಲ್ಲಿ ಎಲ್ಲ ಬಿಚ್ಚಿ ಪೆಟ್ಟಿಗೆಗೆ ತುಂಬುತ್ತಿದ್ದರು. ನಾನು ಸ್ಯಾಂಪಲ್ ತೆಗೆದು ಅವಳ ಮುಂದೆ ಇಟ್ಟೆ, ನಡೆದದ್ದನ್ನೆಲ್ಲ ಹೇಳಿದೆ. ಹುಡುಗಿಯ ಮುಖ ಕೆಂಪಾಯಿತು.

"ನಾನು ನಿಮಗೆ ಕೂರಿಸಿ ಕೂರಿಸಿ ಹೇಳಿದ್ದು ಇದಕ್ಕಾ? ಇದು ನಮ್ಮಪ್ಪಂದು!"

"ಹೌದಮ್ಮ. ನಿಮ್ಮಪ್ಪಂದು."

"ಎಷ್ಟು ಒಳ್ಳೆಯವರು ಅಂದ್ಕೊಂಡಿದ್ದೆ ನಿಮ್ಮನ್ನ!"

ನಾನು ನೆಲ ನೋಡುತ್ತ ನಿಂತೆ. ಅವಳು ಕಣ್ಣೊರೆಸಿಕೊಂಡು, ಪೆಟ್ಟಿಗೆಯಿಂದ ತನ್ನ ಬೆಡ್‌ಶೀಟ್ ಎಳೆದು ನನ್ನದರ ಪಕ್ಕ ಹಾಸಿದಳು. ನೋಡಿದಳು. ಹುಬ್ಬು ಗಂಟಿಕ್ಕಿತು.

"ಏನಿದು ಓರೆ?"

"ಅದೇ ನನ್ನನ್ನ ಹಿಡಿದುಕೊಟ್ಟಿದ್ದು."

"ನಂದರಲ್ಲೂ ಇದೆಯಲ್ಲ! ಅಯ್ಯೋ ದೇವರೇ, ಉದ್ದಕ್ಕೂ ಇದೆ! ಅಷ್ಟು ಜನ ಮೇಷ್ಟ್ರು ನೋಡಿದ್ರು, ಒಬ್ಬರಾದ್ರೂ ಹೇಳಬಾರದಾ?"

ನಾನು ಕದ್ದದ್ದಕ್ಕಿಂತ ಆ ಓರೆಯೇ ಅವಳಿಗೆ ದೊಡ್ಡ ಸಂಕಟವಾಗಿಬಿಟ್ಟಿತು. ನನಗೆ ನಗು ತಡೆಯಲಾಗಲಿಲ್ಲ. ಅವಳು ಒಂದು ಕ್ಷಣ ದುರುಗುಟ್ಟಿಕೊಂಡು ನೋಡಿದಳು, ಆಮೇಲೆ ಅವಳಿಗೂ ಅಳುವಿನ ನಡುವೆಯೇ ನಗು ಬಂತು. ಮೂಗೊರೆಸಿಕೊಂಡು ಕೇಳಿದ ಮೊದಲ ಪ್ರಶ್ನೆ, "ಇದನ್ನ ಸರಿ ಮಾಡೋದು ಹೇಗೆ?"

ಈ ಹುಡುಗಿ ಉದ್ಧಾರವಾಗುತ್ತಾಳೆ.

ಜೂನ್ ೩, ಬುಧವಾರ

ಅವಳ ಮೂರು ಡಿಸೈನುಗಳನ್ನು ಚಿಕ್ಕ ಯಜಮಾನರು ಕೊಂಡರು, ಕೆಲಸಕ್ಕೂ ತೆಗೆದುಕೊಂಡರು. ಸೋಮವಾರದಿಂದ ಮೇಜು ಅವಳದು. ಅಲ್ಲಿಯವರೆಗೆ ನಾನು ಅವಳಿಗೆ ಕೆಲಸ ತೋರಿಸಿಕೊಡಬೇಕು.

ಕೋಣೆಯ ನೆಲದ ಮೇಲೆ ಇಬ್ಬರೂ ಮಂಡಿಯೂರಿ ಕೂತೆವು. ಚೌಕವನ್ನು ನಾಲ್ಕು ತುಂಡು ಮಾಡಿ, ಹೊರಗಿನ ಮೂಲೆಗಳು ನಡುವಿಗೆ ಬರುವ ಹಾಗೆ ಅದಲು ಬದಲು ಮಾಡಿಸಿದೆ. ಆಗ ಅಂಚಿನಲ್ಲಿ ಅಡಗಿದ್ದ ತಪ್ಪು ಕಣ್ಣ ಮುಂದೆಯೇ ಬಂದು ಕೂರುತ್ತದೆ. ನಾನು ಪೆನ್ಸಿಲ್ ತೆಗೆದುಕೊಳ್ಳಲು ಹೋದೆ.

"ನೀವು ಮುಟ್ಟಬೇಡಿ. ಬಾಯಲ್ಲಿ ಹೇಳಿ, ನಾನು ಬರೀತೀನಿ. ನಿಮ್ಮ ಕೈ ಮೇಲೆ ನನಗಿನ್ನೂ ನಂಬಿಕೆ ಬಂದಿಲ್ಲ," ಅಂದಳು.

ಕೈ ಕಟ್ಟಿಕೊಂಡು ಹೇಳಿಕೊಟ್ಟೆ. ಮೂಲೆಯ ಹತ್ತಿರ ಗೆರೆಯನ್ನು ಬಗ್ಗಿಸು, ಅಲ್ಲಿ ಇನ್ನೊಂದು ಸಣ್ಣ ಸುಕ್ಕನ್ನು ಅಡ್ಡ ಬಿಡು ಅಂದೆ. ಅವಳು ನಾನು ಹೇಳಿದ ಕಡೆಯಲ್ಲಿ ಬಿಡಲಿಲ್ಲ, ಇನ್ನೂ ಸ್ವಲ್ಪ ಕೆಳಗೆ, ಅಪ್ಪನ ಮೊಣಕೈ ಊರಿರುತ್ತಿದ್ದ ಕಡೆ ಬಿಟ್ಟಳು. ನಾನು ಹೇಳಿದ್ದಕ್ಕಿಂತ ಅದೇ ಸರಿ. ಎಷ್ಟು ಸರಿ ಅಂದರೆ, ನನಗೆ ಮಂಡಿನೋವು ನೆನಪಾದದ್ದು ಏಳುವಾಗಲೇ.

ಜೂನ್ ೮, ಸೋಮವಾರ

ಕೆಳಗೆ ಬಂದೆ. ಮಧ್ಯಾಹ್ನ ಬಾತ್‌ರೂಮಿಗೆ ಹೋಗಿ ಅತ್ತುಬಿಟ್ಟೆ. ಮುಖ ತೊಳೆದು ಬಂದೆ. ಎಲ್ಲರೂ "ಪಾಪ ಹೂವಕ್ಕ" ಅನ್ನುತ್ತಾರೆ, ಅದೇ ಹೆಚ್ಚು ಉರಿ. ಮನೆಯಲ್ಲಿ ಅತ್ತೆ, "ಮಹಡಿ ಹತ್ತೋದು ತಪ್ಪಿತು ಬಿಡು," ಎಂದು ತಾವೇ ಎದ್ದು ಕಾಫಿ ಮಾಡಿ ಕೊಟ್ಟರು. ಅವರು ಎದ್ದು ಕಾಫಿ ಮಾಡುವವರೇ ಅಲ್ಲ.

ಜೂನ್ ೧೪, ಭಾನುವಾರ

ಊರಾಚೆಯ ಕಾಲೇಜಿನಲ್ಲಿ ಗಾಜಿನ ಕೆಲಸದ ಪ್ರದರ್ಶನವಿತ್ತು. ಈ ಸಲ ಅತ್ತೆಯೂ ಬಂದರು, ಮಡಚುವ ಸ್ಟೂಲು ಕೈಯಲ್ಲಿ ಹಿಡಿದುಕೊಂಡೇ ಬಂದರು. ಒಬ್ಬ ಹುಡುಗ ಒಡೆದ ಬಾಟಲಿಗಳನ್ನು ಕರಗಿಸಿ ದೀಪ ಮಾಡಿದ್ದ. ಬೆಳಕು ನೀರಿನೊಳಗಿಂದ ಬಂದ ಹಾಗೆ ಬರುತ್ತಿತ್ತು. ಬಹಳ ಚೆನ್ನಾಗಿದೆ ಅಂದೆ. ಅವನು "ಆದರೆ?" ಎಂದು ಕಾದ. "ಆದರೆ ಏನೂ ಇಲ್ಲಪ್ಪ," ಅಂದೆ. ಅತ್ತೆ ನನ್ನ ಮುಖವನ್ನೇ ನೋಡಿದರು. ಯಾಕೋ ಗೊತ್ತಿಲ್ಲ.

ಬರುವ ಭಾನುವಾರ ಇನ್ನೊಂದು ಕಡೆ ಇದೆಯಂತೆ.

ಜೂನ್ ೨೩, ಮಂಗಳವಾರ

ಹುಡುಗಿಯ ಅಪ್ಪನ ಬೆಡ್‌ಶೀಟಿನ ಮೊದಲ ಥಾನು, ಅಂದರೆ ಕತ್ತರಿಸದ ಇಡೀ ಬಟ್ಟೆಯ ಸುರುಳಿ, ಇವತ್ತು ಅಚ್ಚಾಗಿ ಚೆಕಿಂಗಿಗೆ ಬಂತು. ಅಂಚಿನಲ್ಲಿ ಕಾರ್ಖಾನೆಯ ಹೆಸರು, ಅದರ ಪಕ್ಕದಲ್ಲಿ ಅವಳ ಹೆಸರು. ಸುದ್ದಿ ಸಿಕ್ಕ ಕೂಡಲೇ ಅವಳು ಮೇಲಿನಿಂದ ಓಡಿಬಂದು ಮೇಜಿನ ಆ ಕಡೆ ನಿಂತಳು. ಜುಟ್ಟಿನಲ್ಲಿ ಎರಡು ಪೆನ್ಸಿಲ್, ಉಗುರು ಕಚ್ಚುತ್ತಿದ್ದಳು.

ನಾನು ಬಟ್ಟೆಯನ್ನು ದೀಪದ ಕೆಳಗೆ ಎಳೆದುಕೊಂಡು ನೋಡುತ್ತ ಹೋದೆ. ಬಣ್ಣ ಹರಡಿದೆಯೇ, ನೂಲು ತಪ್ಪಿದೆಯೇ, ಚೌಕಗಳು ಕೂಡಿದ ಕಡೆ ಗೀಟು ಬಿದ್ದಿದೆಯೇ. ಥಾನು ಮುಗಿಯಿತು. ಮತ್ತೆ ಮೊದಲಿನಿಂದ ತಿರುಗಿಸಿದೆ. ಆ ಹುಡುಗಿಗೆ ಜೀವ ಬಾಯಿಗೆ ಬಂದಿತ್ತು.

"ಏನು ಸಿಕ್ತು ಮೇಡಂ?"

"ಏನೂ ಇಲ್ಲ."

"ಮತ್ತೆ ಯಾಕೆ ಎರಡು ಸಲ ನೋಡಿದ್ರಿ?"

"ಮೊದಲನೇ ಸಲ ಕೆಲಸಕ್ಕೆ," ಅಂದೆ, "ಎರಡನೇ ಸಲ ನನಗೆ."

ಅವಳು ಮೇಜು ಸುತ್ತಿ ಈ ಕಡೆಗೆ ಬಂದು ನನ್ನ ಪಕ್ಕದಲ್ಲಿ ನಿಂತಳು. ನಾನು ಸರಿಯಿದೆ ಅನ್ನುವ ಮುದ್ರೆ ಒತ್ತಿದೆ.